ಒಂದೇ ಊರು, ಬೇರೆ ಬೇರೆ ಆಯಸ್ಸು: ನಗರದ ಆರೋಗ್ಯ ಅಸಮಾನತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕೊಳೆಗೇರಿಗಳಲ್ಲಿ, ಶೀಟು ಮನೆಗಳ ಓಣಿಗಳಲ್ಲಿ ಆರೋಗ್ಯದ ಕೆಲಸ ಮಾಡುವವರಿಗೆ ಎದುರಾಗುವ ಪ್ರಶ್ನೆಗಳಿವು. ಕೆಲವನ್ನು ಅಲ್ಲಿ ವಾಸ ಮಾಡುವವರು ಕೇಳುತ್ತಾರೆ. ಕೆಲವನ್ನು ನರ್ಸಿಂಗ್ ವಿದ್ಯಾರ್ಥಿಗಳು, ಪಕ್ಕದ ಅಪಾರ್ಟ್‌ಮೆಂಟಿನವರು ಕೇಳುತ್ತಾರೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವೇ. ಆದರೆ ಹುಬ್ಬಳ್ಳಿ, ಕಲಬುರಗಿ, ಮೈಸೂರಿನವರಿಗೂ ಇವು ಹೊಸದೇನಲ್ಲ.

ಆರೋಗ್ಯದ ಸಾಮಾಜಿಕ ಕಾರಣಗಳು ಅಂದರೆ ಏನು?

ನಾವು ಎಲ್ಲಿ ಹುಟ್ಟಿದೆವು, ಎಂಥ ಮನೆಯಲ್ಲಿದ್ದೇವೆ, ಏನು ಕೆಲಸ ಮಾಡುತ್ತೇವೆ, ಎಷ್ಟು ಕೂಲಿ ಸಿಗುತ್ತದೆ, ನಲ್ಲಿಯಲ್ಲಿ ಯಾವಾಗ ನೀರು ಬರುತ್ತದೆ, ಯಾವ ಜಾತಿ, ಹೆಣ್ಣೋ ಗಂಡೋ. ಇವೆಲ್ಲ ನಮ್ಮ ಮೈಮೇಲೆ ಪರಿಣಾಮ ಬೀರುತ್ತವೆ. ಎಷ್ಟೋ ಕಾಯಿಲೆಗಳ ಬೇರು ಇಲ್ಲೇ ಇರುತ್ತದೆ.

ಟೈಫಾಯಿಡ್ ತಗೊಳ್ಳಿ. ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಸರಿ. ಆದರೆ ಪ್ರತಿ ಮಳೆಗಾಲ ಅದೇ ಓಣಿಗೆ ಯಾಕೆ ಬರುತ್ತದೆ? ಹೋಗಿ ನೋಡಿದರೆ ಕುಡಿಯುವ ನೀರಿನ ಪೈಪು ಮೋರಿಯೊಳಗೇ ಹಾದು ಹೋಗಿರುತ್ತದೆ. ನೀರು ಬಿಡದ ದಿನ ಪೈಪು ಖಾಲಿ. ಜಾಯಿಂಟ್ ಸಡಿಲ ಇದ್ದಲ್ಲಿ ಕೊಳಚೆ ಒಳಗೆ ಇಳಿಯುತ್ತದೆ. ಡಾಕ್ಟರ್ ಜ್ವರಕ್ಕೆ ಮಾತ್ರೆ ಕೊಡಬಹುದು. ಪೈಪು ಸರಿ ಮಾಡುವುದು ಅವರ ಕೈಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಈ ವಿಷಯಕ್ಕೆಂದೇ ಒಂದು ಆಯೋಗ ಮಾಡಿತು. ಬ್ರಿಟನ್ನಿನ ತಜ್ಞ ಮೈಕಲ್ ಮಾರ್ಮಟ್ ಅದರ ಅಧ್ಯಕ್ಷರು. 2008ರಲ್ಲಿ ವರದಿ ಬಂತು. ಜನರ ಬದುಕಿನ ಪರಿಸ್ಥಿತಿ ಸರಿ ಮಾಡದೆ ಬರೀ ಆಸ್ಪತ್ರೆ ಕಟ್ಟಿದರೆ ಬಡವರ, ಉಳ್ಳವರ ಆರೋಗ್ಯದ ನಡುವಿನ ಅಂತರ ಕಮ್ಮಿ ಆಗಲ್ಲ ಅನ್ನುವುದು ಅದರ ತಿರುಳು.

ನಗರದಲ್ಲಿ ಹೆಜ್ಜೆಗೊಂದು ಆಸ್ಪತ್ರೆ ಇದೆ. ತೊಂದರೆ ಇರುವುದು ಹಳ್ಳಿಯಲ್ಲಿ ಅಲ್ವಾ?

ಹಳ್ಳಿಯಲ್ಲಿ ತೊಂದರೆ ಇಲ್ಲ ಅಂತ ಯಾರೂ ಹೇಳುತ್ತಿಲ್ಲ. ಆದರೆ ಆಸ್ಪತ್ರೆ ಕಣ್ಣಿಗೆ ಕಾಣುವುದೇ ಬೇರೆ, ಅದರೊಳಗೆ ಕಾಲಿಡಲು ಆಗುವುದೇ ಬೇರೆ. ನಗರದ ಸರಾಸರಿ ಲೆಕ್ಕದಲ್ಲಿ ಜಯನಗರದ ಬಂಗಲೆಯೂ ಕೆರೆ ಅಂಗಳದ ಗುಡಿಸಲೂ ಒಂದಾಗಿಬಿಡುತ್ತವೆ. ಹಾಗಾಗಿ ಗುಡಿಸಲಿನ ಸಂಕಟ ಅಂಕಿಯಲ್ಲಿ ಕಾಣುವುದೇ ಇಲ್ಲ.

2008ರ ಆ ವರದಿಯಲ್ಲೇ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಲೆಕ್ಕ ಇದೆ. ಅಲ್ಲಿನ ಕ್ಯಾಲ್ಟನ್ ಅನ್ನುವ ಬಡ ಏರಿಯಾದಲ್ಲಿ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯಸ್ಸು 54 ವರ್ಷ. ಹತ್ತಿರದಲ್ಲೇ ಇರುವ ಲೆಂಜಿಯಲ್ಲಿ 82. ಅಂದರೆ 28 ವರ್ಷದ ವ್ಯತ್ಯಾಸ. ಅದೂ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ದೇಶದಲ್ಲಿ. ನಮ್ಮ ಊರುಗಳಲ್ಲೂ ವಾರ್ಡ್‌ವಾರು ಆಯಸ್ಸಿನ ಲೆಕ್ಕ ತೆಗೆದು ಜನರ ಮುಂದಿಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಕೊನೆಗೆ ಎಲ್ಲ ದುಡ್ಡಿನ ವಿಷಯ ತಾನೇ?

ದುಡ್ಡು ದೊಡ್ಡ ಕಾರಣ. ಅದೊಂದೇ ಅಲ್ಲ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಎಲ್ಲರಿಗೂ ಕಾಯಂ ಕೆಲಸ, ತಿಂಗಳ ಸಂಬಳ. ಯಾರೂ ಹೊಟ್ಟೆಗಿಲ್ಲದವರಲ್ಲ. ಆದರೂ ಜವಾನ, ದ್ವಾರಪಾಲಕರಂಥ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ಮೇಲಿನ ಅಧಿಕಾರಿಗಳದ್ದಕ್ಕಿಂತ ಮೂರು ಪಟ್ಟು ಇತ್ತು. ಬೀಡಿ ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸದ ಒಂದು ಭಾಗ ಮಾತ್ರ ಅರ್ಥವಾಯಿತು. ಕೆಲಸದ ಮೇಲೆ ಹಿಡಿತ ಇಲ್ಲದಿರುವುದು, ದಿನವೂ ಇನ್ನೊಬ್ಬರ ಮಾತಿಗೆ ಕಾಯುತ್ತ ಬದುಕುವುದು ಕೂಡ ಮೈಯನ್ನು ಸವೆಸುತ್ತದೆ ಅಂತ ಮುಂದಿನ ಅಧ್ಯಯನಗಳು ತೋರಿಸಿದವು.

ನೀರಿಗೂ ಕಾಯಿಲೆಗೂ ಏನು ಸಂಬಂಧ? ಕುದಿಸಿ ಕುಡಿದರೆ ಆಯಿತಲ್ಲ?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ನಗರದಲ್ಲಿ ಬಡವರ ಕಾಯಿಲೆಯ ಅರ್ಧ ಕಥೆ ನೀರಿನಲ್ಲೇ ಇದೆ.

ಮೊದಲು ಬೆಲೆ ನೋಡೋಣ. ಬೆಂಗಳೂರು ಜಲಮಂಡಳಿಯ 2014ರ ದರದಲ್ಲಿ ಮನೆ ಬಳಕೆಯ ಮೊದಲ ಹಂತಕ್ಕೆ 1,000 ಲೀಟರಿಗೆ 7 ರೂಪಾಯಿ. ಈ ದರ 2025ರವರೆಗೂ ಇತ್ತು. ಅದು ಸಿಗುವುದು ಕಾವೇರಿ ಕನೆಕ್ಷನ್ ಇದ್ದವರಿಗೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತು ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ 1,000 ಲೀಟರಿಗೆ 100. ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡರೆ 1,000 ಲೀಟರಿಗೆ 250 ಆಯಿತು. ಕುಡಿಯುವ ನೀರು, ಬಳಸುವ ನೀರು ಬೇರೆ ಬೇರೆ, ಒಪ್ಪುತ್ತೇನೆ. ಆದರೂ ಕನೆಕ್ಷನ್ ಇಲ್ಲದ ಬಡವರೇ ಲೀಟರಿಗೆ ಜಾಸ್ತಿ ಕೊಡುತ್ತಿದ್ದಾರೆ ಅನ್ನುವುದನ್ನು ಅಲ್ಲಗಳೆಯಲು ಆಗಲ್ಲ.

ಆಮೇಲೆ ಸಮಯ. ವಾರಕ್ಕೆ ಎರಡು ದಿನ ನೀರು ಬಿಡುವ ಓಣಿಯಲ್ಲಿ ಜನ ಡ್ರಮ್ಮು, ಬಿಂದಿಗೆ, ಪೇಂಟ್ ಡಬ್ಬ ಎಲ್ಲ ತುಂಬಿಸಿಡುತ್ತಾರೆ. ಬೇರೆ ದಾರಿ ಏನಿದೆ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಲಾರ್ವಾ, ಅಂದರೆ ಸೊಳ್ಳೆಮರಿ, ಸಿಕ್ಕ ಮನೆಗೆ ದಂಡ ಹಾಕುವ ನಿಯಮವೂ ಬಂತು. ನಾನು ನೋಡಿದ ಒಂದು ವಠಾರದಲ್ಲಿ ಹೆಂಗಸೊಬ್ಬರು ಲಾರ್ವಾ ಇದ್ದ ನೀರನ್ನು ಚೆಲ್ಲಲು ಒಪ್ಪಲೇ ಇಲ್ಲ. ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ, ಅದನ್ನೇ ಮತ್ತೆ ಡ್ರಮ್ಮಿಗೆ ತುಂಬಿಸಿದರು. "ಮುಂದಿನ ನೀರು ಶನಿವಾರಕ್ಕೆ ಕಣಪ್ಪಾ, ಅಲ್ಲೀವರೆಗೂ ಏನ್ ಮಾಡ್ಲಿ?" ಅಂದರು. ಆ ಮನೆಗೆ ದಂಡ ಹಾಕುವುದರಿಂದ ಡೆಂಗಿ ಹೋಗುತ್ತದಾ? ದಿನಾ ನೀರು ಬಿಟ್ಟರೆ, ಅದು ಆಗುವವರೆಗೆ ಗಟ್ಟಿ ಮುಚ್ಚಳ ಇರುವ ಡ್ರಮ್ಮು ಕೊಟ್ಟರೆ ಕಮ್ಮಿ ಆಗುತ್ತದೆ.

ಹುಬ್ಬಳ್ಳಿ-ಧಾರವಾಡದ ಅನುಭವವನ್ನೂ ಹೇಳಬೇಕು. ಅಲ್ಲಿ, ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಆ ವಾರ್ಡುಗಳನ್ನೂ ಆಗೊಮ್ಮೆ ಈಗೊಮ್ಮೆ ನೀರು ಬರುವ ವಾರ್ಡುಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಮಕ್ಕಳ ಭೇದಿಯಲ್ಲಿ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 24 ಗಂಟೆ ನೀರಿದ್ದ ಕಡೆ ಟೈಫಾಯಿಡ್ ಸಾಕಷ್ಟು ಕಮ್ಮಿ ಇತ್ತು. ಕಡಿಮೆ ಆದಾಯದ ಮನೆಗಳ ಎಳೆ ಮಕ್ಕಳಲ್ಲಿ ರಕ್ತಭೇದಿಯೂ ಕಮ್ಮಿ ಇತ್ತು. ಒಂದೇ ನಲ್ಲಿಯಿಂದ ಬಡವರ ಮನೆಗೆ ಜಾಸ್ತಿ ಲಾಭ ಆಯಿತು ಅನ್ನುವುದು ನನಗೆ ಇದರಲ್ಲಿ ಮುಖ್ಯ ಅನಿಸುತ್ತದೆ.

ಇನ್ನು ಕುದಿಸಿ ಕುಡಿಯುವ ಮಾತು. ಕುದಿಸಿ, ಖಂಡಿತ. ಆದರೆ ಸಿಲಿಂಡರ್ ಒಂದೂವರೆ ತಿಂಗಳು ಬರಬೇಕು ಅಂತ ಲೆಕ್ಕ ಹಾಕುವ ಮನೆಗೆ ದಿನಕ್ಕೆ ಹತ್ತು ಲೀಟರ್ ನೀರು ಕುದಿಸಿ ಅಂತ ಹೇಳುವಾಗ ಆ ಗ್ಯಾಸಿನ ಖರ್ಚೂ ನಮ್ಮ ತಲೆಯಲ್ಲಿರಬೇಕು.

ಕ್ಷಯ ಔಷಧಿಯಿಂದ ವಾಸಿಯಾಗುವ ಕಾಯಿಲೆ. ಅದರಲ್ಲಿ ಸಮಾಜದ ಪಾತ್ರ ಏನು?

ಔಷಧಿ ಪುಕ್ಕಟೆ ಸಿಗುತ್ತದೆ. ಸಾಮಾನ್ಯವಾಗಿ 6 ತಿಂಗಳು ಬಿಡದೆ ತಗೊಂಡರೆ ಟಿಬಿ ವಾಸಿಯಾಗುತ್ತದೆ. ಆದರೆ ಕಿಟಕಿಯಿಲ್ಲದ ಹತ್ತಡಿ ಕೋಣೆಯಲ್ಲಿ ಆರು ಜನ ಮಲಗಿದರೆ ಒಬ್ಬರ ಕೆಮ್ಮು ಎಲ್ಲರ ಉಸಿರಿಗೂ ಸೇರುತ್ತದೆ. ಹೊಟ್ಟೆಗೆ ಸರಿಯಾಗಿ ಇಲ್ಲದ ಮೈಯಲ್ಲಿ ಅಡಗಿದ್ದ ಟಿಬಿ ಬೇಗ ಎದ್ದು ಕೂರುತ್ತದೆ. ನಮ್ಮ ದೇಶದಲ್ಲಿ ಟಿಬಿಗೆ ದೂಡುವ ಕಾರಣಗಳಲ್ಲಿ ಅಪೌಷ್ಟಿಕತೆಯೇ ಎಲ್ಲಕ್ಕಿಂತ ದೊಡ್ಡದು.

ಇದನ್ನು ಗಟ್ಟಿಯಾಗಿ ತೋರಿಸಿದ ಒಂದು ಪ್ರಯೋಗದಲ್ಲಿ ಮಂಗಳೂರಿನ ವೈದ್ಯರ ಪಾತ್ರ ದೊಡ್ಡದು. ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಯವರು ಜಾರ್ಖಂಡಿನ 4 ಜಿಲ್ಲೆಗಳಲ್ಲಿ ಟಿಬಿ ರೋಗಿಗಳ ಮನೆಯವರಿಗೆ ರೇಷನ್ ಕೊಟ್ಟು ನೋಡಿದರು. ತಿಂಗಳಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಅಷ್ಟೇ. 2023ರಲ್ಲಿ ಫಲಿತಾಂಶ ಬಂತು. ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 40ರ ಹತ್ತಿರ ಕಮ್ಮಿಯಾಗಿತ್ತು. ಅಕ್ಕಿ ಬೇಳೆ ಲಸಿಕೆಯಷ್ಟು ಕೆಲಸ ಮಾಡಿತ್ತು.

ಸರ್ಕಾರ ಟಿಬಿ ರೋಗಿಯ ಬ್ಯಾಂಕ್ ಖಾತೆಗೆ ಊಟಕ್ಕೆಂದು ದುಡ್ಡು ಹಾಕುತ್ತದೆ. 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1,000 ಆಗಿದೆ. ನಿಮ್ಮ ಮನೆಯಲ್ಲಿ ಚಿಕಿತ್ಸೆಯಲ್ಲಿ ಇರುವವರಿದ್ದರೆ ನಿಕ್ಷಯ್ ಅನ್ನುವ ಸರ್ಕಾರದ ಟಿಬಿ ಪೋರ್ಟಲ್‌ನಲ್ಲಿ ಖಾತೆ ಸೇರಿಸಿದ್ದಾರಾ ಅಂತ ಆರೋಗ್ಯ ಕಾರ್ಯಕರ್ತರನ್ನು ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಕೆಲಸದಿಂದ ಕಾಯಿಲೆ ಬರುವುದು ಹೇಗೆ? ಕೆಲಸ ಇದ್ದರೆ ಆರೋಗ್ಯವೂ ಚೆನ್ನಾಗಿರಬೇಕಲ್ಲ?

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಮಾತಾಡಿಸಿ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ. ಟಾಯ್ಲೆಟ್‌ಗೆ ಎದ್ದರೆ ಪೀಸ್ ಹಿಂದೆ ಬೀಳುತ್ತದೆ, ಸೂಪರ್‌ವೈಸರ್ ಬಾಯಿಗೆ ಬೀಳಬೇಕು. ಹಾಗಾಗಿ ನೀರೇ ಕುಡಿಯಲ್ಲ. ಉರಿಮೂತ್ರ ಬರುತ್ತದೆ, ಮಾತ್ರೆ ತಗೊಂಡರೆ ಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಬರುತ್ತದೆ. "ಜಾಸ್ತಿ ನೀರು ಕುಡಿಯಮ್ಮ" ಅನ್ನುವ ಸಲಹೆ ಆ ಶಾಪ್ ಫ್ಲೋರಿನಲ್ಲಿ ನಡೆಯುವ ಮಾತಲ್ಲ.

ಸಂಬಳ 21,000 ರೂಪಾಯಿಯೊಳಗಿದ್ದು, 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಫ್ಯಾಕ್ಟರಿಯಾದರೆ ನಿಮಗೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಇರಬೇಕು. ನಿಮ್ಮ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ಅದಕ್ಕೆ ಹೋಗುತ್ತದೆ. ಸಂಬಳದ ಚೀಟಿಯಲ್ಲಿ ಕಟ್ ಆಗಿದೆಯಾ, ಕಾರ್ಡ್ ಕೊಟ್ಟಿದ್ದಾರಾ ನೋಡಿಕೊಳ್ಳಿ. ಮನೆಕೆಲಸದವರಿಗೆ, ತಳ್ಳುಗಾಡಿಯವರಿಗೆ ಇಂಥ ರಕ್ಷಣೆ ಸಿಗುವುದಿಲ್ಲ. ನಗರದ ಬಡವರಲ್ಲಿ ಬಹಳಷ್ಟು ಜನ ಅವರೇ.

ಇದರಲ್ಲಿ ಜಾತಿಯನ್ನು ಯಾಕೆ ತರುತ್ತೀರಿ?

ನಾವು ತರುತ್ತಿಲ್ಲ, ಅದು ಅಲ್ಲಿಯೇ ಇದೆ. ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಬೆಳಗಾಗುವ ಮೊದಲೇ ಎದ್ದು ಹೊರಡುತ್ತಾರೆ. ದಿನಾ ಧೂಳು, ಹೊಗೆ, ನಾವು ಬೇರ್ಪಡಿಸದೆ ಎಸೆದ ಗಾಜಿನ ಚೂರು, ಸ್ಯಾನಿಟರಿ ಪ್ಯಾಡ್. ಬೀದಿಯಲ್ಲಿ ಟಾಯ್ಲೆಟ್ ಸಿಗಲ್ಲ. ನೀರು ಕೇಳಿದರೆ ಗೇಟಿನಾಚೆಯಿಂದಲೇ ಕೊಡುವ ಮನೆಗಳು ಇಂದಿಗೂ ಇವೆ. ಇನ್ನು ಮಲಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಆದರೂ ಉಸಿರುಗಟ್ಟಿ ಸಾಯುವವರ ಸುದ್ದಿ ನಿಂತಿಲ್ಲ. ಸಾಯುವವರು ಯಾವ ಕೇರಿಯವರು ಅಂತ ಎಲ್ಲರಿಗೂ ಗೊತ್ತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕಾಯಂ ಮಾಡಿ ಅಂತ ಕೂತರು. ಕೆಲಸ ಕಾಯಂ ಆದರೆ ರಜೆ ಸಿಗುತ್ತದೆ, ಜ್ವರ ಬಂದ ದಿನ ಮಲಗಬಹುದು. ಅದಕ್ಕೇ ಅದನ್ನು ಆರೋಗ್ಯದ ಹೋರಾಟ ಅಂತಲೂ ಕರೆಯುತ್ತೇನೆ.

ಸರ್ಕಾರಿ ಕ್ಲಿನಿಕ್ ಪುಕ್ಕಟೆ ಇದ್ದರೂ ಜನ ಪ್ರೈವೇಟ್‌ಗೆ ಯಾಕೆ ಹೋಗುತ್ತಾರೆ?

ದಿನಗೂಲಿಯವರಿಗೆ ಪುಕ್ಕಟೆ ಕ್ಲಿನಿಕ್ಕೂ ಪುಕ್ಕಟೆ ಅಲ್ಲ. ಬೆಳಿಗ್ಗೆ ಹೋಗಿ ಸಾಲಲ್ಲಿ ನಿಂತರೆ ಅವತ್ತಿನ ಕೂಲಿ ಹೋಯಿತು. ಓಣಿ ತುದಿಯ ಡಾಕ್ಟರ್ ರಾತ್ರಿ ಒಂಬತ್ತಕ್ಕೂ ಸಿಗುತ್ತಾರೆ, ಒಂದು ಇಂಜೆಕ್ಷನ್ ಹಾಕಿ ಕಳಿಸುತ್ತಾರೆ.

ಬಿಪಿ, ಶುಗರ್ ಇದ್ದವರಿಗೆ ಹೀಗೆ ಪ್ರೈವೇಟ್‌ಗೆ ಹೋಗುವ ಖರ್ಚು ದೊಡ್ಡ ಹೊರೆ. ಬೆಂಗಳೂರಿನ ಕಾಡುಗೊಂಡನಹಳ್ಳಿಯಲ್ಲಿ, ಅಂದರೆ ಕೆ.ಜಿ. ಹಳ್ಳಿಯಲ್ಲಿ, ಸಾರ್ವಜನಿಕ ಆರೋಗ್ಯ ಸಂಶೋಧಕರು ಸುಮಾರು 9,300 ಮನೆಗಳ ಸಮೀಕ್ಷೆ ಮಾಡಿದ್ದರು. 2012ರಲ್ಲಿ ಅದು ಪ್ರಕಟವಾಯಿತು. ದೀರ್ಘಕಾಲದ ಕಾಯಿಲೆ ಇದ್ದ ಮನೆಗಳಲ್ಲಿ ಶೇ 16ರಷ್ಟು ಮನೆಗಳು ಆದಾಯದ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿಯನ್ನು ಬರೀ ಡಾಕ್ಟರ್, ಮಾತ್ರೆ, ಟೆಸ್ಟಿಗೆ ಸುರಿದಿದ್ದವು. ಒಂದೇ ತಿಂಗಳ ಈ ಖರ್ಚಿನಿಂದ ಬಡತನದ ಗೆರೆಯ ಕೆಳಗೆ ಇದ್ದವರ ಸಂಖ್ಯೆ ಎರಡು ಪಟ್ಟಾಗಿತ್ತು. ಆಸ್ಪತ್ರೆಗೆ ಅಡ್ಮಿಟ್ ಆಗಿ ಅಲ್ಲ, ಹೊರರೋಗಿಯಾಗಿ ಓಡಾಡಿಯೇ.

2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಪ್ರಕಾರ 50,000 ಜನರಿಗೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಕರ್ನಾಟಕದಲ್ಲಿ 2022ರ ಕೊನೆಯಿಂದ "ನಮ್ಮ ಕ್ಲಿನಿಕ್" ಅನ್ನುವ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳು ಶುರುವಾದವು. ಒಳ್ಳೆಯ ಹೆಜ್ಜೆ. ದುಡಿಯುವವರ ಏರಿಯಾಗಳಲ್ಲಿ ಇವು ಸಂಜೆ ಹೊತ್ತೂ ತೆರೆದಿರಬೇಕು. ಜೊತೆಗೆ ಬಿಪಿ, ಶುಗರ್ ಮಾತ್ರೆ ಒಮ್ಮೆಗೆ ತಿಂಗಳಿಗಾಗುವಷ್ಟು ಕೊಡಬೇಕು.

ಆಯುಷ್ಮಾನ್ ಕಾರ್ಡ್ ಇದ್ದರೆ ಸಾಲದಾ?

ಬೇಕು, ಆದರೆ ಸಾಲದು. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆಪರೇಷನ್, ಅಡ್ಮಿಷನ್ ಬಂದಾಗ ಇದು ಮನೆ ಉಳಿಸುತ್ತದೆ. ತಿಂಗಳ ಮಾತ್ರೆಗೆ, ರಕ್ತ ಪರೀಕ್ಷೆಗೆ, ಆಟೊ ಬಾಡಿಗೆಗೆ, ಹೋದ ಕೂಲಿಗೆ ಆಗಿಬರಲ್ಲ.

ಗುಳೆ ಬಂದವರ ಕಥೆ ಏನು?

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು, ನೀಲಿ ಟಾರ್ಪಾಲು ಹಾಕಿಕೊಂಡಿರುತ್ತಾರೆ. ಬೇಸಿಗೆ ಮಧ್ಯಾಹ್ನ ಆ ತಗಡಿನ ಕೆಳಗೆ ಎಳೆ ಕೂಸು ಮಲಗಿಸಲು ಆಗಲ್ಲ. ವಿಳಾಸ ಇಲ್ಲ ಅಂತ ಇವರು ಯಾವ ಪಟ್ಟಿಯಲ್ಲೂ ಇರಲ್ಲ. 1973ರ ಕರ್ನಾಟಕ ಕೊಳೆಗೇರಿ ಕಾಯ್ದೆಯಡಿ ಘೋಷಣೆಯಾದ ಕೊಳೆಗೇರಿಗೆ ಸಿಗುವ ಸೌಲಭ್ಯವೂ ಇವರ ಶೆಡ್ಡುಗಳಿಗೆ ಸಿಗಲ್ಲ.

ಮೂರು ವಿಷಯ ಇವರಿಗೆ ತಿಳಿಸಿ. ತಾಯಿ ಕಾರ್ಡ್ ಜೊತೆಗಿದ್ದರೆ ಮಗುವಿನ ಲಸಿಕೆಯನ್ನು ಇಲ್ಲಿಯೂ ಮುಂದುವರಿಸಬಹುದು. ಊರಿನ ರೇಷನ್ ಕಾರ್ಡಿನಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ತಗೊಳ್ಳಬಹುದು. ಕಳೆದ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಬಹುದು.

ಶಕ್ತಿ, ಇಂದಿರಾ ಕ್ಯಾಂಟೀನ್ ಇವೆಲ್ಲ ಆರೋಗ್ಯದ ಯೋಜನೆಗಳಾ?

ಹೆಸರಿಗೆ ಅಲ್ಲ, ಕೆಲಸದಲ್ಲಿ ಹೌದು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪುಕ್ಕಟೆ. ತಿಂಗಳ ತಪಾಸಣೆಗೆ ದೊಡ್ಡಾಸ್ಪತ್ರೆಗೆ ಹೋಗುವ ಬಸುರಿಗೆ ಬಸ್ ಚಾರ್ಜು ಅಡ್ಡ ಬರಲ್ಲ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ಒಬ್ಬಂಟಿಯಾಗಿ ದುಡಿಯುವ ಗಂಡಸರಿಗೆ ಅದೇ ದಿನದ ಬಿಸಿ ಊಟ.

ಹಿಂದೆ ಯಾವಾಗಲಾದರೂ ನಮ್ಮ ಊರು ಈ ಥರ ಯೋಚನೆ ಮಾಡಿತ್ತಾ?

ಮಾಡಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು, ಗಾಳಿಯಿಲ್ಲದ ಮನೆ, ಇಲಿಗಳ ಕಾಟ ಎಲ್ಲ ಆಗ ಎದ್ದು ಕಂಡವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದು ಆ ಕಾಲದಲ್ಲೇ. ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನ, ಹಿಂದೆ ಕಸ ಸಾಗಿಸಲು ಕಿರು ಓಣಿ. ಇಲ್ಲಿ ನಗರ ಯೋಜನೆಯೇ ಔಷಧಿಯಾಗಿತ್ತು. ಆದರೆ ನಿವೇಶನ ಕೊಳ್ಳುವ ಶಕ್ತಿ ಇದ್ದವರು ಅಲ್ಲಿಗೆ ಹೋದರು. ಇಲ್ಲದವರು ಇಕ್ಕಟ್ಟಿನಲ್ಲೇ ಉಳಿದರು. ಊರಿನ ಹಲವು ಕಡೆ ಇರುವ ಪ್ಲೇಗಮ್ಮನ ಗುಡಿಗಳು ಆ ದಿನಗಳ ನೆನಪು.

ನಮ್ಮ ಏರಿಯಾದಲ್ಲಿ ನಾವು ಏನು ಮಾಡಬಹುದು?

ಮೊದಲು ಬರೆದಿಡಿ. ಯಾವ ಓಣಿಗೆ ಯಾವ ದಿನ ಎಷ್ಟು ಹೊತ್ತು ನೀರು ಬಂತು, ಯಾವ ಮನೆಯಲ್ಲಿ ಜ್ವರ, ಭೇದಿ ಆಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಮೂರು ತಿಂಗಳು ಬರೆಯಿರಿ. ಬಾಯಿಮಾತಿನ ದೂರನ್ನು ಅಧಿಕಾರಿಗಳು ಸುಲಭವಾಗಿ ತಳ್ಳಿಹಾಕುತ್ತಾರೆ. ತಾರೀಖು ಸಮೇತ ಇಟ್ಟ ಪಟ್ಟಿಯನ್ನು ಹಾಗೆ ಮಾಡುವುದು ಕಷ್ಟ.

ಆಮೇಲೆ ಮಹಿಳಾ ಆರೋಗ್ಯ ಸಮಿತಿ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. 50ರಿಂದ 100 ಮನೆಗಳಿಗೆ ಒಂದರಂತೆ ಹೆಣ್ಣುಮಕ್ಕಳ ಸಮಿತಿ ಇರಬೇಕು ಅಂತ ನಗರ ಆರೋಗ್ಯ ಅಭಿಯಾನದಲ್ಲೇ ಇದೆ. ಬೆಂಗಳೂರಿನಲ್ಲಿ ನೀರು, ಒಳಚರಂಡಿ ದೂರಿಗೆ 1916, ಆರೋಗ್ಯದ ಮಾಹಿತಿಗೆ 104, ಆಂಬುಲೆನ್ಸಿಗೆ 108. ದೂರು ಕೊಟ್ಟಾಗ ನಂಬರ್ ಬರೆದುಕೊಳ್ಳಿ. ಕೆಲಸ ಆಗದಿದ್ದರೆ ಅದೇ ನಂಬರ್ ಹಾಕಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ.

ವಾರ್ಡ್ ಸಮಿತಿ ಸಭೆಗೂ ಹೋಗಿ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ನಲ್ಲಿ, ಮೋರಿಯ ಬಗ್ಗೆ ಕೇಳಲು ಬಾಗಿಲೇ ಇಲ್ಲದಂತಾಯಿತು. 2025ರಲ್ಲಿ ಊರು ಐದು ಪಾಲಿಕೆಗಳಾಯಿತು. ವಾರ್ಡ್ ಚಿಕ್ಕದಾದಷ್ಟೂ ನಿಮ್ಮ ಓಣಿಯ ದನಿ ಅಲ್ಲಿ ಕೇಳಿಸಬೇಕು.

ನಾನು ನರ್ಸ್. ನೀರು, ಮನೆ, ಕೂಲಿ ನನ್ನ ಕೈಲಿಲ್ಲ. ನಾನೇನು ಮಾಡಲಿ?

ಒಂದು ಪ್ರಶ್ನೆ ಜಾಸ್ತಿ ಕೇಳಿ. ಮಾತ್ರೆ ಯಾಕೆ ಬಿಟ್ಟಿರಿ ಅಂತ ಗದರುವ ಬದಲು, ಮಾತ್ರೆ ತಗೊಳ್ಳೋಕೆ ಏನು ಅಡ್ಡ ಬಂತು ಅಂತ ಕೇಳಿ. ಬೆಳಿಗ್ಗೆ ತಿಂಡಿ ಇಲ್ಲದೆ ಶುಗರ್ ಮಾತ್ರೆ ತಗೊಂಡು ತಲೆ ಸುತ್ತಿ ಬಿದ್ದೆ, ಅದಕ್ಕೇ ಬಿಟ್ಟೆ ಅಂತ ಉತ್ತರ ಬರಬಹುದು. ಆಗ ಮಾತ್ರೆಯ ಹೊತ್ತು ಬದಲಿಸಲು ಡಾಕ್ಟರಿಗೆ ಹೇಳಬಹುದು, ಕ್ಯಾಂಟೀನ್ ಎಲ್ಲಿದೆ ಅಂತ ತೋರಿಸಬಹುದು. ರಿಜಿಸ್ಟರಿನಲ್ಲಿ ರೋಗಿಯ ಹೆಸರಿನ ಪಕ್ಕ ಓಣಿಯ ಹೆಸರನ್ನೂ ಬರೆಯಿರಿ. ಒಂದೇ ಓಣಿಯಿಂದ ಒಂದೇ ವಾರ ನಾಲ್ಕು ಜನ ಭೇದಿಯವರು ಬಂದರೆ ಅವತ್ತೇ ವೈದ್ಯಾಧಿಕಾರಿಗೆ ತಿಳಿಸಿ, ಜಲಮಂಡಳಿಯ ಎಂಜಿನಿಯರಿಗೆ ಫೋನ್ ಮಾಡಿಸಿ, ಆ ಓಣಿಯ ನಲ್ಲಿ ನೀರನ್ನು ಪರೀಕ್ಷೆಗೆ ಕಳಿಸಲು ಕೇಳಿ.